ದರ ಕುಸಿದಾಗ, ನಿಯಮ ಬೆಳೆದಾಗ: ಅಮೆರಿಕದ ಖಾಸಗಿ ಫಾಸ್ಟರ್ ಕೇರ್ ಸಂಸ್ಥೆ ನಡೆಸುವವರಿಗೊಂದು ಕೈಪಿಡಿ

ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ತಾತ್ಕಾಲಿಕವಾಗಿ ಸಾಕು ಕುಟುಂಬಗಳಲ್ಲಿ ಇರಿಸಿ ನೋಡಿಕೊಳ್ಳುವ ವ್ಯವಸ್ಥೆಯೇ ಫಾಸ್ಟರ್ ಕೇರ್. ಅಮೆರಿಕದ ಖಾಸಗಿ ಫಾಸ್ಟರ್ ಕೇರ್ ಸಂಸ್ಥೆಗೆ ಸರ್ಕಾರದಿಂದ ಬರುವ ಹಣವನ್ನು ಹೆಚ್ಚಿನ ಕಡೆ ಒಂದು ಮಗುವಿನ ಒಂದು ದಿನದ ಲೆಕ್ಕದಲ್ಲಿ ಅಳೆಯುತ್ತಾರೆ. ಸಂಸ್ಥೆಯ ಸಾಕು ಕುಟುಂಬವೊಂದರಲ್ಲಿ ಮಗು ಕಳೆದ ಪ್ರತಿ ದಿನಕ್ಕೆ ಗೊತ್ತುಪಡಿಸಿದ ದರ ಸಿಗುತ್ತದೆ. ಮಗು ಹೆತ್ತವರ ಬಳಿಗೋ ಅಜ್ಜಿಯ ಮನೆಗೋ ಮರಳಿದ ಮೇಲೆ ಆ ದರ ನಿಲ್ಲುತ್ತದೆ. ಖರ್ಚು ಹಾಗೆ ನಿಲ್ಲುವುದಿಲ್ಲ. ಪ್ರತಿ ಮಗುವಿನ ಪ್ರಕರಣವನ್ನು ನೋಡಿಕೊಳ್ಳುವ ಕೇಸ್ ವರ್ಕರ್‌ಗಳ ಸಂಬಳ, ಕಚೇರಿಯ ಬಾಡಿಗೆ, ವಿಮೆಯ ಕಂತು, ರಾತ್ರಿಯ ತುರ್ತು ಕರೆಗೆ ಕಾದಿರುವವರ ಭತ್ಯೆ ಎಲ್ಲವೂ ಮೊದಲಿನಂತೆಯೇ ಉಳಿಯುತ್ತವೆ. ಮಗು ತನ್ನವರನ್ನು ಸೇರುವುದೇ ಈ ಕೆಲಸದ ಗುರಿ. ಆ ಗುರಿ ಮುಟ್ಟಿದಷ್ಟೂ ಆದಾಯ ತಗ್ಗುವ ಏರ್ಪಾಡು ಇದು. ಇದರ ಮೇಲೆ ಬಜೆಟ್ ಕಡಿತವೂ ಹೊಸ ನಿಯಮಗಳೂ ಒಟ್ಟಿಗೆ ಬಂದೆರಗಿದಾಗ ಏನು ಮಾಡಬೇಕೆಂಬುದನ್ನು, ಇಂಥ ಸಂಸ್ಥೆಯೊಂದರ ಲೆಕ್ಕಪತ್ರ ಮತ್ತು ಪರವಾನಗಿ ಕಡತಗಳನ್ನು ಹಲವು ವರ್ಷ ನೋಡಿಕೊಂಡ ಅನುಭವದಿಂದ ಬರೆಯುತ್ತಿದ್ದೇನೆ. ಅಲ್ಲಿ ಆಡಳಿತ ಮಂಡಳಿಯ ಸದಸ್ಯರಾಗಿ, ಲೆಕ್ಕಿಗರಾಗಿ, ಸಮಾಜ ಕಾರ್ಯಕರ್ತರಾಗಿ ದುಡಿಯುತ್ತಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಹಣ ಎಲ್ಲಿ ಸೋರುತ್ತಿದೆ ಎಂದು ಮೊದಲು ಗುರುತಿಸಿ

ಆಡಳಿತ ಮಂಡಳಿಯ ಸಭೆಯಲ್ಲಿ "ಬಜೆಟ್ ಕಡಿತವಾಗಿದೆ" ಎಂದು ಹೇಳಿಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಆ ಮಾತಿನಿಂದ ಯಾವ ಪರಿಹಾರವೂ ಹೊಳೆಯುವುದಿಲ್ಲ. ದರವೇ ಇಳಿದಿದೆಯೇ, ದರ ಹಾಗೆಯೇ ಇದ್ದು ಬೆಲೆಗಳು ಏರಿವೆಯೇ, ಮಕ್ಕಳ ಸಂಖ್ಯೆ ಕಡಿಮೆಯಾಗಿದೆಯೇ, ಅಥವಾ ಸಲ್ಲಿಸಿದ ಬಿಲ್ಲುಗಳೇ ತಿರಸ್ಕೃತವಾಗುತ್ತಿವೆಯೇ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಮಕ್ಕಳ ಸಂಖ್ಯೆಯ ವಿಷಯವನ್ನು ಬಹಳ ಸಂಸ್ಥೆಗಳು ತಡವಾಗಿ ಗಮನಿಸುತ್ತವೆ. ದೇಶದಾದ್ಯಂತ ಫಾಸ್ಟರ್ ಕೇರ್‌ನಲ್ಲಿದ್ದ ಮಕ್ಕಳ ಸಂಖ್ಯೆ 2018ರ ಸುಮಾರಿಗೆ 4.3 ಲಕ್ಷವನ್ನು ಮೀರಿತ್ತು. 2023ರ ಸೆಪ್ಟೆಂಬರ್ ಅಂತ್ಯಕ್ಕೆ ಅದು ಸುಮಾರು 3.43 ಲಕ್ಷಕ್ಕೆ ಇಳಿಯಿತು. ಮಕ್ಕಳ ದೃಷ್ಟಿಯಿಂದ ಇದರಲ್ಲಿ ಸಂತೋಷಪಡುವ ಅಂಶ ಸಾಕಷ್ಟಿದೆ. ಆದರೆ ದಿನದ ದರವನ್ನೇ ನಂಬಿಕೊಂಡ ಸಂಸ್ಥೆಗೆ ಯಾವ ಶಾಸಕರೂ ಮತ ಹಾಕದ, ಯಾವ ಆದೇಶವೂ ಹೊರಡದ ಕಡಿತ ಇದು.

ಒಕ್ಕೂಟ ಸರ್ಕಾರದ ಹಣದ ಕಡೆಯಿಂದ ನೋಡಿದರೆ, ಮುಖ್ಯ ಮೂಲವಾದ ಟೈಟಲ್ ಫೋರ್-ಇ ನಿಧಿ 1980ರ ಕಾಯ್ದೆಯಿಂದ ಬಂದದ್ದು. ಅರ್ಹ ಮಗುವಿಗೆ ತಗಲುವ ಪಾಲನೆಯ ವೆಚ್ಚದಲ್ಲಿ ರಾಜ್ಯದ ತಲಾ ಆದಾಯವನ್ನನುಸರಿಸಿ ಶೇಕಡ 50ರಿಂದ 83ರವರೆಗೆ, ಆಡಳಿತ ವೆಚ್ಚದಲ್ಲಿ ಶೇಕಡ 50, ತರಬೇತಿಯಲ್ಲಿ ಶೇಕಡ 75ರಷ್ಟನ್ನು ಅದು ಭರಿಸುತ್ತದೆ. ತೊಡಕಿರುವುದು "ಅರ್ಹ" ಎಂಬ ಪದದಲ್ಲಿ. ಮಗುವಿನ ಮೂಲ ಕುಟುಂಬವು 1996ರ ಜುಲೈ 16ರಂದು ಜಾರಿಯಲ್ಲಿದ್ದ ಹಳೆಯ ಕಲ್ಯಾಣ ಯೋಜನೆಯ ಆದಾಯ ಮಿತಿಯೊಳಗೆ ಬರುವಷ್ಟು ಬಡತನದಲ್ಲಿದ್ದರೆ ಮಾತ್ರ ಮಗು ಅರ್ಹ. ಆ ಮಿತಿಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿಲ್ಲವಾದ್ದರಿಂದ ಅರ್ಹ ಮಕ್ಕಳ ಪ್ರಮಾಣ ಕುಗ್ಗುತ್ತಲೇ ಬಂದಿದೆ, ಉಳಿದವರ ಖರ್ಚು ರಾಜ್ಯ ಮತ್ತು ಕೌಂಟಿಗಳ (ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ಘಟಕಗಳ) ಹೆಗಲಿಗೆ ಬಿದ್ದಿದೆ. ರಾಜ್ಯಗಳು ಆ ಕೊರತೆಯನ್ನು ತುಂಬಲು ಬಳಸುವ, ಬಡ ಕುಟುಂಬಗಳ ನೆರವಿಗೆಂದಿರುವ ಟ್ಯಾನ್ಫ್ ನಿಧಿಯೂ 1996ರಿಂದ ಹೆಚ್ಚುಕಡಿಮೆ ವರ್ಷಕ್ಕೆ 1,650 ಕೋಟಿ ಡಾಲರ್‌ಗೇ ನಿಂತಿದೆ. 2025ರ ಜುಲೈ 4ರಂದು ಸಹಿಯಾದ ತೆರಿಗೆ ಮತ್ತು ವೆಚ್ಚದ ಕಾಯ್ದೆಯು ಫಾಸ್ಟರ್ ಕೇರ್ ದರವನ್ನು ನೇರವಾಗಿ ಮುಟ್ಟದಿದ್ದರೂ, ಆಹಾರ ನೆರವು ಯೋಜನೆಯ ಆಡಳಿತ ವೆಚ್ಚದಲ್ಲಿ ರಾಜ್ಯದ ಪಾಲನ್ನು 2027ರ ಹಣಕಾಸು ವರ್ಷದಿಂದ ಶೇಕಡ 50ರಿಂದ 75ಕ್ಕೆ ಏರಿಸುತ್ತದೆ ಮತ್ತು ಬಡವರ ಆರೋಗ್ಯ ವಿಮಾ ಯೋಜನೆಯಾದ ಮೆಡಿಕೈಡ್‌ಗೆ ರಾಜ್ಯಗಳು ಹಣ ಹೊಂದಿಸುವ ದಾರಿಗಳನ್ನು ಬಿಗಿಗೊಳಿಸುತ್ತದೆ. ರಾಜ್ಯದ ಖಜಾನೆಗೆ ಒಂದು ಕಡೆ ಬಿಗಿಯಾದರೆ ಅದರ ಬಿಸಿ ತಟ್ಟುವುದು ಇನ್ನೊಂದು ಕಡೆಯ ಗುತ್ತಿಗೆದಾರರಿಗೆ. ಆದ್ದರಿಂದ ನಿಮ್ಮ ರಾಜ್ಯದ ಬಜೆಟ್ ಓದುವಾಗ ಮಕ್ಕಳ ಕಲ್ಯಾಣದ ಪುಟವೊಂದನ್ನೇ ನೋಡಿ ಸಮಾಧಾನಪಡಬೇಡಿ.

ಒಂದು ದಿನದ ನಿಜವಾದ ವೆಚ್ಚವನ್ನು ಲೆಕ್ಕ ಹಾಕಿ

ಇಡೀ ಕೈಪಿಡಿಯಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ, ಇದನ್ನು ಮಾಡಿ. ಕಳೆದ 12 ತಿಂಗಳ ಎಲ್ಲ ಖರ್ಚನ್ನು ಎರಡು ಭಾಗ ಮಾಡಿಕೊಳ್ಳಿ: ಸಾಕು ತಂದೆತಾಯಿಗಳ ಕೈಗೆ ಹೋಗುವ ಹಣ ಒಂದು, ಸಂಸ್ಥೆಯಲ್ಲಿ ಉಳಿದು ಸಂಬಳ, ಪ್ರಯಾಣ, ವಿಮೆ, ತರಬೇತಿ, ಬಾಡಿಗೆಗಳಿಗೆ ಹೋಗುವ ಹಣ ಇನ್ನೊಂದು. ಎರಡನೆಯ ಮೊತ್ತವನ್ನು, ಮಕ್ಕಳು ನಿಮ್ಮ ಮನೆಗಳಲ್ಲಿ ನಿಜವಾಗಿ ಕಳೆದ ದಿನಗಳ ಸಂಖ್ಯೆಯಿಂದ ಭಾಗಿಸಿ. ಪರವಾನಗಿಯಲ್ಲಿರುವ ಹಾಸಿಗೆಗಳ ಸಂಖ್ಯೆಯಿಂದ ಭಾಗಿಸಬೇಡಿ. ಆ ತಪ್ಪು ಎಷ್ಟು ಸಾಮಾನ್ಯವೆಂದರೆ, ದರ ಸಾಕಾಗುತ್ತಿದೆ ಎಂದು ನಂಬಿಕೊಂಡೇ ಸಂಸ್ಥೆಗಳು ಮೀಸಲು ನಿಧಿಯನ್ನು ಕರಗಿಸಿಕೊಳ್ಳುತ್ತವೆ.

ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಸಂಸ್ಥೆಯ ಸ್ವಂತ ವೆಚ್ಚ ವರ್ಷಕ್ಕೆ 12 ಲಕ್ಷ ಡಾಲರ್, ಸರಾಸರಿ 48 ಮಕ್ಕಳು. ವರ್ಷಕ್ಕೆ 17,520 ದಿನಗಳಾದವು; ಒಂದು ದಿನಕ್ಕೆ 68 ಡಾಲರ್ 49 ಸೆಂಟ್. ಮುಂದಿನ ವರ್ಷ ಮಕ್ಕಳ ಸರಾಸರಿ 42ಕ್ಕೆ ಇಳಿಯಿತು, ಖರ್ಚಿನಲ್ಲಿ ಒಂದು ಡಾಲರ್ ಕೂಡ ಹೆಚ್ಚಾಗಲಿಲ್ಲ ಎಂದುಕೊಳ್ಳಿ. ದಿನಗಳು 15,330; ಒಂದು ದಿನದ ವೆಚ್ಚ 78 ಡಾಲರ್ 28 ಸೆಂಟ್. ಯಾರೂ ದುಂದು ಮಾಡದೆ, ಯಾರೂ ದರ ಕಡಿಯದೆ, ಪ್ರತಿ ದಿನಕ್ಕೆ ಹತ್ತಿರಹತ್ತಿರ 10 ಡಾಲರ್ ಕೊರತೆ ಹುಟ್ಟಿತು. ಈ ಎರಡು ಸಾಲನ್ನು ತಿಂಗಳಿಗೊಮ್ಮೆ ಬರೆದು ಆಡಳಿತ ಮಂಡಳಿಯ ಮುಂದಿಡುವ ಸಂಸ್ಥೆಗೆ ವರ್ಷದ ಕೊನೆಯಲ್ಲಿ ಆಘಾತ ಕಾದಿರುವುದಿಲ್ಲ.

ಮೊದಲ ಭಾಗದ ಹಣ, ಅಂದರೆ ಸಾಕು ಕುಟುಂಬಕ್ಕೆ ಕೊಡುವ ಪಾಲನಾ ಭತ್ಯೆ, ಬೇರೆಯದೇ ರಕ್ಷಣೆ ಪಡೆದದ್ದು. ಆಹಾರ, ಬಟ್ಟೆ, ವಸತಿ, ದಿನನಿತ್ಯದ ಮೇಲ್ವಿಚಾರಣೆ, ಶಾಲೆಯ ಸಾಮಗ್ರಿ, ಮಗುವಿನ ಸಣ್ಣಪುಟ್ಟ ವೈಯಕ್ತಿಕ ಖರ್ಚು, ಮಗುವಿಗೆ ಸಂಬಂಧಿಸಿದ ಹೊಣೆಗಾರಿಕೆ ವಿಮೆ, ಹೆತ್ತವರ ಭೇಟಿಗೆ ಹೋಗಿಬರುವ ಪ್ರಯಾಣ, ಹಳೆಯ ಶಾಲೆಯಲ್ಲೇ ಮುಂದುವರಿಯಲು ಬೇಕಾದ ಪ್ರಯಾಣ ಇವೆಲ್ಲವನ್ನೂ ಕಾಯ್ದೆ ಅದರ ವ್ಯಾಖ್ಯೆಯಲ್ಲೇ ಹೆಸರಿಸಿದೆ. ಸಂಸ್ಥೆಯ ಕೊರತೆಯನ್ನು ಈ ಹಣದಿಂದ ತುಂಬಲು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಅದು ನಿಯಮಕ್ಕೂ ವಿರುದ್ಧ, ಮಗುವಿನ ತಟ್ಟೆಗೂ ವಿರುದ್ಧ.

ಪ್ರತಿ ನಿಯಮದ ಹುಟ್ಟೂರು ಹುಡುಕಿ

ನಿಯಮಗಳ ಹೊರೆ ಹಗುರವಾಗಬೇಕಾದರೆ ಒಂದು ಉದ್ದನೆಯ ಪಟ್ಟಿ ಬೇಕು. ಕೇಸ್ ವರ್ಕರ್ ತುಂಬುವ ಪ್ರತಿ ನಮೂನೆ, ಪ್ರತಿ ಸಹಿ, ಪ್ರತಿ ಗಡುವನ್ನು ಒಂದು ಕಡೆ ಬರೆದು, ಅದರ ಎದುರಿಗೆ ಅದು ಎಲ್ಲಿಂದ ಬಂತು ಎಂದು ಗುರುತಿಸಿ: ಒಕ್ಕೂಟದ ಕಾಯ್ದೆಯೇ, ರಾಜ್ಯದ ಪರವಾನಗಿ ನಿಯಮವೇ, ಕೌಂಟಿಯ ಒಪ್ಪಂದವೇ, ಮಾನ್ಯತೆ ನೀಡುವ ಸಂಸ್ಥೆಯ ಮಾನದಂಡವೇ, ವಿಮಾ ಕಂಪನಿಯ ಷರತ್ತೇ, ಇಲ್ಲವೇ ನಿಮ್ಮದೇ ಕೈಪಿಡಿಯೇ. ಈ ಕೆಲಸಕ್ಕೆ ಎರಡು ವಾರ ಹಿಡಿಯಬಹುದು, ಹಿಡಿಯಲಿ. ನಾನು ಕಂಡ ಮಟ್ಟಿಗೆ ಹೊರೆಯ ಗಣನೀಯ ಪಾಲು ಕೊನೆಯ ಮೂಲದಿಂದಲೇ ಬರುತ್ತದೆ. ಯಾವುದೋ ಕಾಲದಲ್ಲಿ ಯಾವುದೋ ಒಂದು ಅಚಾತುರ್ಯ ನಡೆದಾಗ ಗಾಬರಿಯಿಂದ ಬರೆದುಕೊಂಡ ನಿಯಮ, ಬರೆದವರು ಬಿಟ್ಟುಹೋದ ಮೇಲೂ ಅಲ್ಲೇ ಕುಳಿತಿರುತ್ತದೆ. ಕಾನೂನು ತಿಂಗಳಿಗೊಂದು ಭೇಟಿ ಕೇಳುವಾಗ ನಿಮ್ಮ ಕೈಪಿಡಿ ಎಲ್ಲ ಮಕ್ಕಳಿಗೂ ವಾರಕ್ಕೊಂದು ಭೇಟಿ ಎಂದಿದ್ದರೆ, ತಪಾಸಣೆಗೆ ಬಂದವರು ನಿಮ್ಮನ್ನು ಅಳೆಯುವುದು ನಿಮ್ಮದೇ ಮಾತಿನಿಂದ, ತಪ್ಪಿದ ಪ್ರತಿ ವಾರವೂ ಲೋಪವೆಂದೇ ದಾಖಲಾಗುತ್ತದೆ. ಭೇಟಿ ಹೆಚ್ಚಿಗೆ ಬೇಕಾದ ಮಗುವಿಗೆ ಅದನ್ನು ಆ ಮಗುವಿನ ಯೋಜನೆಯಲ್ಲಿ ಬರೆಯಿರಿ, ಎಲ್ಲರಿಗೂ ಅನ್ವಯಿಸುವ ಕೈಪಿಡಿಯಲ್ಲಲ್ಲ.

ಬದಲಾಯಿಸಲಾಗದ ನಿಯಮಗಳೂ ಇವೆ, ಅವುಗಳ ವಿರುದ್ಧ ಹೋರಾಡಿ ಶಕ್ತಿ ವ್ಯಯಿಸಬಾರದು. 2006ರ ಆಡಂ ವಾಲ್ಶ್ ಕಾಯ್ದೆಯು ಸಾಕು ತಂದೆತಾಯಿಯಾಗಲು ಬರುವವರ ಬೆರಳಚ್ಚು ಆಧಾರಿತ ಅಪರಾಧ ತಪಾಸಣೆಯನ್ನು, ಮತ್ತು ಮನೆಯಲ್ಲಿರುವ ಪ್ರತಿಯೊಬ್ಬ ವಯಸ್ಕರು ಹಿಂದಿನ ಐದು ವರ್ಷ ವಾಸಿಸಿದ ಎಲ್ಲ ರಾಜ್ಯಗಳ ಮಕ್ಕಳ ದೌರ್ಜನ್ಯ ದಾಖಲೆಗಳ ಪರಿಶೀಲನೆಯನ್ನು ಕಡ್ಡಾಯ ಮಾಡಿದೆ. ತಿಂಗಳ ಭೇಟಿಗಳಲ್ಲಿ ಶೇಕಡ 95ರಷ್ಟನ್ನು ರಾಜ್ಯ ಪೂರೈಸಬೇಕು, ಅವುಗಳಲ್ಲಿ ಕನಿಷ್ಠ ಅರ್ಧ ಮಗು ವಾಸಿಸುವ ಮನೆಯಲ್ಲೇ ನಡೆಯಬೇಕು. ಮಗು ಕಾಣೆಯಾದರೆ 24 ಗಂಟೆಯೊಳಗೆ ಪೊಲೀಸರಿಗೂ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೂ ತಿಳಿಸಬೇಕು. ಇವುಗಳಲ್ಲಿ ಒಂದನ್ನೂ ನಾನು ಹೊರೆ ಎಂದು ಕರೆಯಲಾರೆ. ಮಗುವನ್ನು ಅಪರಿಚಿತರ ಮನೆಗೆ ಕಳುಹಿಸುವವರು ಇಷ್ಟನ್ನಾದರೂ ಮಾಡಲೇಬೇಕು.

ಇನ್ನು ಸಡಿಲಿಕೆಗೆ ಅವಕಾಶವಿರುವ ಜಾಗಗಳು. ಸಂಬಂಧಿಕರ ಮನೆಗಳಿಗೆ ಸುರಕ್ಷತೆಗೆ ಸಂಬಂಧಿಸದ ಮಾನದಂಡಗಳನ್ನು, ಉದಾಹರಣೆಗೆ ಕೋಣೆಯ ಅಳತೆಯಂಥವನ್ನು, ಒಂದೊಂದೇ ಪ್ರಕರಣವಾಗಿ ಮನ್ನಾ ಮಾಡಲು ಕಾಯ್ದೆ 2008ರಿಂದ ಅವಕಾಶ ಕೊಟ್ಟಿದೆ. 2023ರ ನವೆಂಬರ್ 27ರಿಂದ ಜಾರಿಗೆ ಬಂದ ಒಕ್ಕೂಟದ ನಿಯಮವು ಇನ್ನೂ ಮುಂದೆ ಹೋಗಿ, ಸಂಬಂಧಿಕರ ಮನೆಗಳಿಗೆ ಪ್ರತ್ಯೇಕವಾದ, ಸರಳವಾದ ಪರವಾನಗಿ ಮಾನದಂಡವನ್ನು ರೂಪಿಸಿಕೊಳ್ಳಲು ರಾಜ್ಯಗಳಿಗೆ ಅನುಮತಿ ನೀಡಿದೆ. ನಿಮ್ಮ ರಾಜ್ಯ ಅದನ್ನು ಅಳವಡಿಸಿಕೊಂಡಿದೆಯೇ, ಅಳವಡಿಸಿಕೊಂಡಿದ್ದರೆ ಖಾಸಗಿ ಸಂಸ್ಥೆಗಳ ಮೂಲಕ ಬರುವ ಸಂಬಂಧಿಕರಿಗೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ದೂರವಾಣಿಯಲ್ಲಿ ಸಿಕ್ಕ ಅನುಮತಿ ತಪಾಸಣೆಯ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಗುಂಪು ವಸತಿಗಳನ್ನೂ ನಡೆಸುವ ಸಂಸ್ಥೆಗಳು 2018ರ ಫೆಬ್ರುವರಿಯಲ್ಲಿ ಬಂದ ಫ್ಯಾಮಿಲಿ ಫಸ್ಟ್ ಕಾಯ್ದೆಯನ್ನು ಸಾಲುಸಾಲಾಗಿ ಓದಿಕೊಳ್ಳಬೇಕು. ಕೆಲವು ವಿಶೇಷ ವರ್ಗದ ವಸತಿಗಳನ್ನು ಬಿಟ್ಟರೆ, ಅರ್ಹ ಚಿಕಿತ್ಸಾ ವಸತಿಯೆಂದು ಮಾನ್ಯತೆ ಪಡೆಯದ ಕಡೆ ಎರಡು ವಾರದ ನಂತರ ಒಕ್ಕೂಟದ ಪಾಲನಾ ಹಣ ನಿಲ್ಲುತ್ತದೆ. ಮಾನ್ಯ ವಸತಿಯಲ್ಲೂ 30 ದಿನದೊಳಗೆ ಸ್ವತಂತ್ರ ಮೌಲ್ಯಮಾಪನ, 60 ದಿನದೊಳಗೆ ನ್ಯಾಯಾಲಯದ ಪರಿಶೀಲನೆ, ಬಿಡುಗಡೆಯ ನಂತರ ಆರು ತಿಂಗಳ ಅನುಸರಣೆ ಬೇಕು. 30ನೆಯ ದಿನದ ಮೌಲ್ಯಮಾಪನವನ್ನು ಮಾಡುವವರು ನೀವಲ್ಲ, ಆದರೂ ಅದು ತಪ್ಪಿದಾಗ ಹಣದ ಹೊಡೆತ ಬೀಳುವುದು ನಿಮಗೇ. ಆದ್ದರಿಂದ ಮಗು ಬಂದ ದಿನವೇ ಆ ದಿನಾಂಕವನ್ನು ನಿಮ್ಮ ಗೋಡೆಯ ಮೇಲೂ ಬರೆದುಕೊಂಡು, 20ನೆಯ ದಿನ ರಾಜ್ಯದ ಕಚೇರಿಗೆ ನೆನಪೋಲೆ ಕಳುಹಿಸಿ.

ಕೇಸ್ ವರ್ಕರ್‌ನ ಗಂಟೆಗಳನ್ನು ಎಣಿಸಿ

ನಿಯಮಗಳ ಬೆಲೆಯನ್ನು ಡಾಲರ್‌ಗಿಂತ ಮೊದಲು ಗಂಟೆಯಲ್ಲಿ ಅಳೆಯಬೇಕು. ಎರಡು ವಾರ ಕಾಲ ಪ್ರತಿ ಕೇಸ್ ವರ್ಕರ್ ತಮ್ಮ ದಿನವನ್ನು ಕಾಲು ಗಂಟೆಯ ತುಣುಕುಗಳಲ್ಲಿ ಬರೆದಿಡಲಿ: ಮಗುವಿನೊಂದಿಗೆ, ಸಾಕು ಕುಟುಂಬದೊಂದಿಗೆ, ಹೆತ್ತವರ ಭೇಟಿಯಲ್ಲಿ, ಕಾರಿನಲ್ಲಿ, ನ್ಯಾಯಾಲಯದ ಕಾರಿಡಾರಿನಲ್ಲಿ, ಕಂಪ್ಯೂಟರಿನ ಮುಂದೆ. ಇದನ್ನು ಅವರ ಮೇಲಿನ ಕಾವಲು ಎಂದು ಭಾವಿಸದಂತೆ ಮೊದಲೇ ವಿವರಿಸಿ ಹೇಳುವುದು ಮೇಲಧಿಕಾರಿಯ ಜವಾಬ್ದಾರಿ.

ನಾನಿದ್ದ ಸಂಸ್ಥೆಯಲ್ಲಿ ಈ ಎಣಿಕೆ ಮಾಡಿದಾಗ ಕಂಡದ್ದನ್ನು ಈಗಲೂ ಮರೆತಿಲ್ಲ. ಪ್ರತಿ ಭೇಟಿ, ಪ್ರತಿ ಫೋನ್ ಕರೆಯ ಟಿಪ್ಪಣಿಯನ್ನು ಕೇಸ್ ವರ್ಕರ್ ಒಮ್ಮೆ ನಮ್ಮ ತಂತ್ರಾಂಶದಲ್ಲಿ ಬರೆಯುತ್ತಿದ್ದರು. ಅದನ್ನೇ ನಕಲು ಮಾಡಿ ರಾಜ್ಯದ ತಂತ್ರಾಂಶದ ಆರು ಪ್ರತ್ಯೇಕ ಚೌಕಗಳಲ್ಲಿ ಹಾಕುತ್ತಿದ್ದರು, ಏಕೆಂದರೆ ಆ ಪರದೆ ಪೂರ್ತಿ ಟಿಪ್ಪಣಿಯನ್ನು ಒಟ್ಟಿಗೆ ಸ್ವೀಕರಿಸುತ್ತಿರಲಿಲ್ಲ. ಒಂದು ಟಿಪ್ಪಣಿಗೆ 20 ನಿಮಿಷ. ತಿಂಗಳಿಗೆ 60 ಟಿಪ್ಪಣಿ ಬರೆಯುವವರಿಗೆ 20 ಗಂಟೆ, ಅಂದರೆ ಎರಡೂವರೆ ಕೆಲಸದ ದಿನ ಬರೀ ನಕಲಿಗೆ. ಅಷ್ಟರಲ್ಲಿ ಆರೇಳು ಮಕ್ಕಳನ್ನು ಅವರವರ ಮನೆಯಲ್ಲಿ ಕಂಡು ಬರಬಹುದಿತ್ತು.

ಇದಕ್ಕೆ ಪರಿಹಾರ ನಿಯಮದಲ್ಲೇ ಇದೆ. 2016ರಲ್ಲಿ ಬಂದ ಒಕ್ಕೂಟದ ಮಾಹಿತಿ ವ್ಯವಸ್ಥೆಯ ನಿಯಮವು, ಅದರಡಿಯಲ್ಲಿ ಹಣ ಪಡೆಯುವ ರಾಜ್ಯ ತಂತ್ರಾಂಶಗಳು ಸೇವೆ ನೀಡುವ ಖಾಸಗಿ ಸಂಸ್ಥೆಗಳ ತಂತ್ರಾಂಶದೊಂದಿಗೆ ಎರಡೂ ದಿಕ್ಕಿನಲ್ಲಿ ದತ್ತಾಂಶ ವಿನಿಮಯ ಮಾಡಿಕೊಳ್ಳಬೇಕೆಂದು ಹೇಳುತ್ತದೆ. ರಾಜ್ಯದ ಇಲಾಖೆಗೆ ಪತ್ರ ಬರೆಯುವಾಗ "ತಂತ್ರಾಂಶ ಸರಿಯಿಲ್ಲ" ಎಂದು ದೂರಬೇಡಿ; ಎಷ್ಟು ಸಂಸ್ಥೆಗಳ ಎಷ್ಟು ಗಂಟೆ ನಕಲಿಗೆ ಹೋಗುತ್ತಿದೆ ಎಂಬ ಎಣಿಕೆಯನ್ನೂ ಈ ನಿಯಮವನ್ನೂ ಒಂದೇ ಪುಟದಲ್ಲಿಟ್ಟು, ವಿನಿಮಯದ ವೇಳಾಪಟ್ಟಿಯನ್ನು ಕೇಳಿ. ಒಂದು ಸಂಸ್ಥೆಯ ಪತ್ರಕ್ಕಿಂತ ಐದು ಸಂಸ್ಥೆಗಳ ಜಂಟಿ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಆದರೆ ಎಲ್ಲ ಕಾಗದವೂ ವ್ಯರ್ಥವಲ್ಲ. ಒಮ್ಮೆ ನಮ್ಮ ಒಬ್ಬ ಸಾಕು ತಾಯಿಯ ಪರವಾನಗಿ ನವೀಕರಣ ನಿಂತುಹೋಗಿತ್ತು. ಮನೆಯ ಹೊಗೆ ಸೂಚಕಗಳು ಸರಿಯಿದ್ದವು, ಔಷಧಿಗಳು ಬೀಗದೊಳಗಿದ್ದವು, ಬಿಸಿನೀರಿನ ಉಷ್ಣತೆ ಮಿತಿಯೊಳಗಿತ್ತು. ನಾಯಿಯ ರೇಬೀಸ್ ಲಸಿಕೆಯ ಚೀಟಿ ಮಾತ್ರ ಅವಧಿ ಮೀರಿತ್ತು. ಚೀಟಿ ಕೈಗೆ ಬರುವ ಹೊತ್ತಿಗೆ ಹಳೆಯ ಪರವಾನಗಿ ಮುಗಿದು ಕೆಲವು ದಿನ ಕಳೆದಿದ್ದವು. ಪೂರ್ಣ ಪರವಾನಗಿ ಇಲ್ಲದ ಮನೆಗೆ ಒಕ್ಕೂಟದ ಹಣ ಕೇಳುವಂತಿಲ್ಲವಾದ್ದರಿಂದ ಆ ದಿನಗಳ ಹಣವನ್ನು ನಾವು ಹಿಂತಿರುಗಿಸಬೇಕಾಯಿತು. ತಪ್ಪು ನಮ್ಮದೇ. ಅಂದಿನಿಂದ ಪ್ರತಿ ಮನೆಯ ಪರವಾನಗಿ ಮುಗಿಯುವ ದಿನಕ್ಕೆ 120 ದಿನ ಮೊದಲೇ ಎಲ್ಲ ಉಪದಾಖಲೆಗಳ ಅವಧಿಯನ್ನು ಒಂದೇ ಹಾಳೆಯಲ್ಲಿ ಪರಿಶೀಲಿಸುವ ರೂಢಿ ಮಾಡಿಕೊಂಡೆವು. ಇದಕ್ಕೆ ತಿಂಗಳಿಗೆ ಅರ್ಧ ದಿನ ಸಾಕು, ಮತ್ತು ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ.

ನಿಮಗೆ ಸಲ್ಲಬೇಕಾದ್ದನ್ನು ಕೇಳಿ ಪಡೆಯಿರಿ

ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ರಾಜ್ಯವು ನಿಮ್ಮನ್ನು ಉಪ ಅನುದಾನ ಪಡೆಯುವವರೆಂದು ಪರಿಗಣಿಸುತ್ತಿದೆಯೋ ಬರೀ ಗುತ್ತಿಗೆದಾರರೆಂದೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. ಉಪ ಅನುದಾನವಾದರೆ ಒಕ್ಕೂಟದ ಅನುದಾನ ಮಾರ್ಗಸೂಚಿಗಳು ನಿಮ್ಮ ಪರವಾಗಿ ನಿಲ್ಲುತ್ತವೆ. ಒಕ್ಕೂಟದೊಂದಿಗೆ ಗೊತ್ತುಮಾಡಿಕೊಂಡ ಪರೋಕ್ಷ ವೆಚ್ಚದ (ಬಾಡಿಗೆ, ಲೆಕ್ಕಪತ್ರದಂಥ ಸಾಮಾನ್ಯ ವೆಚ್ಚದ) ದರ ಇಲ್ಲದ ಸಂಸ್ಥೆಯೂ ಕೇಳಬಹುದಾದ ದರದ ಮಿತಿಯನ್ನು 2024ರ ಅಕ್ಟೋಬರ್ 1ರಿಂದ ಶೇಕಡ 10ರಿಂದ 15ಕ್ಕೆ ಏರಿಸಲಾಗಿದೆ. ಹಳೆಯ ಒಪ್ಪಂದದ ನಮೂನೆಯಲ್ಲಿ 10 ಎಂದೇ ಅಚ್ಚಾಗಿರುವುದನ್ನು ಯಾರೂ ತಾವಾಗಿ ತಿದ್ದುವುದಿಲ್ಲ. ಹಾಗೆಯೇ, ಸಮಗ್ರ ಲೆಕ್ಕಪರಿಶೋಧನೆ ಕಡ್ಡಾಯವಾಗುವ ಒಕ್ಕೂಟದ ಹಣದ ಮಿತಿ, ಅದೇ ದಿನ ಅಥವಾ ನಂತರ ಶುರುವಾಗುವ ಹಣಕಾಸು ವರ್ಷಗಳಿಗೆ, ಏಳೂವರೆ ಲಕ್ಷ ಡಾಲರ್‌ನಿಂದ 10 ಲಕ್ಷಕ್ಕೆ ಏರಿದೆ. ಇವೆರಡರ ನಡುವೆ ಇರುವ ಸಣ್ಣ ಸಂಸ್ಥೆಯು, ಒಪ್ಪಂದದಲ್ಲಿ ಹಳೆಯ ಮಿತಿ ಉಳಿದಿದೆ ಎಂಬ ಒಂದೇ ಕಾರಣಕ್ಕೆ ದುಬಾರಿ ಲೆಕ್ಕಪರಿಶೋಧನೆಗೆ ಹಣ ತೆರಬೇಕಾಗಿಲ್ಲ, ತಿದ್ದುಪಡಿ ಕೇಳಬೇಕು.

ತರಬೇತಿಯ ಹಣವನ್ನು ಬಹಳ ಸಂಸ್ಥೆಗಳು ಕೈಬಿಡುತ್ತಿವೆ. 2008ರ ಫಾಸ್ಟರಿಂಗ್ ಕನೆಕ್ಷನ್ಸ್ ಕಾಯ್ದೆಯು ಖಾಸಗಿ ಸಂಸ್ಥೆಗಳ ಸಿಬ್ಬಂದಿಯ ತರಬೇತಿಗೂ ಒಕ್ಕೂಟದ ಪಾಲನ್ನು ವಿಸ್ತರಿಸಿ, ಹಂತಹಂತವಾಗಿ ಶೇಕಡ 75ಕ್ಕೆ ಏರಿಸಿತು. ನೀವು ಸ್ವಂತ ಹಣದಿಂದ ನಡೆಸುತ್ತಿರುವ ತರಬೇತಿಯನ್ನು ರಾಜ್ಯದ ತರಬೇತಿ ಯೋಜನೆಯಲ್ಲಿ ಸೇರಿಸುವಂತೆ ಕೇಳಿ, ಹಾಜರಾತಿ ಮತ್ತು ಪಠ್ಯದ ದಾಖಲೆಗಳನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ದರದ ಬಗ್ಗೆ ಮಾತಾಡುವಾಗ ಕರುಣೆಯನ್ನು ಕೇಳಬೇಡಿ, ಪರಿಶೀಲನೆಯನ್ನು ಕೇಳಿ. ಪಾಲನಾ ಭತ್ಯೆಯ ಮೊತ್ತ ಈಗಲೂ ಸೂಕ್ತವಾಗಿದೆಯೇ ಎಂದು ಕಾಲಕಾಲಕ್ಕೆ ಪರಿಶೀಲಿಸುವುದು ರಾಜ್ಯದ ಯೋಜನೆಯ ಭಾಗವಾಗಿರಲೇಬೇಕೆಂದು ಟೈಟಲ್ ಫೋರ್-ಇ ಹೇಳುತ್ತದೆ. ಕಡೆಯ ಪರಿಶೀಲನೆ ಯಾವಾಗ ನಡೆಯಿತು, ಅದರ ವರದಿ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಸಾರ್ವಜನಿಕ ದಾಖಲೆಯ ಕೋರಿಕೆಯಾಗಿ ಸಲ್ಲಿಸಿ. ನ್ಯಾಯಾಲಯದ ದಾರಿಯೂ ಇದೆ, ಆದರೆ ಅದು ಸಮತಟ್ಟಲ್ಲ. ಕ್ಯಾಲಿಫೋರ್ನಿಯಾದ ಗುಂಪು ವಸತಿಗಳ ದರ ನಿಜವಾದ ವೆಚ್ಚಕ್ಕಿಂತ ಬಹಳ ಹಿಂದೆ ಬಿದ್ದದ್ದು ಕಾಯ್ದೆಗೆ ವಿರುದ್ಧ ಎಂದು ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ (ಒಕ್ಕೂಟದ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯಗಳಲ್ಲಿ ಒಂದು) 2009ರಲ್ಲಿ ತೀರ್ಪಿತ್ತಿತು. ಸಾಕು ತಂದೆತಾಯಿಗಳಿಗೆ ಮೊಕದ್ದಮೆ ಹೂಡುವ ಹಕ್ಕಿದೆ ಎಂದು ಎರಡನೆಯ ಸರ್ಕ್ಯೂಟ್ 2019ರಲ್ಲಿ ಹೇಳಿತು. ಎಂಟನೆಯ ಸರ್ಕ್ಯೂಟ್ ಮಾತ್ರ 2013ರಲ್ಲೇ ಆ ಹಕ್ಕನ್ನು ನಿರಾಕರಿಸಿತ್ತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೆಡಿಕೈಡ್‌ಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಇಂಥ ಹಕ್ಕುಗಳನ್ನು ಬಿಗಿಯಾಗಿ ಓದಿರುವುದರಿಂದ ಈ ದಾರಿ ಇನ್ನಷ್ಟು ಕಿರಿದಾಗಿದೆ. ಮೊದಲು ದಿನದ ವೆಚ್ಚದ ನಿಮ್ಮ ಹಾಳೆಯನ್ನು ಹಿಡಿದು ಶಾಸಕರ ಬಳಿಗೆ ಹೋಗುವುದೇ ಮೇಲು. ತೆರಿಗೆ ವಿನಾಯಿತಿ ಪಡೆದ ಲಾಭರಹಿತ ಸಂಸ್ಥೆ ಹೀಗೆ ಹೋಗಬಾರದೆಂಬ ಭಯ ಅನೇಕ ಆಡಳಿತ ಮಂಡಳಿಗಳಲ್ಲಿದೆ. ಅದು ತಪ್ಪು ತಿಳಿವಳಿಕೆ. ಒಕ್ಕೂಟದ ತೆರಿಗೆ ಇಲಾಖೆಗೆ ಫಾರಂ 5768 ಸಲ್ಲಿಸಿ ಆಯ್ಕೆ ಮಾಡಿಕೊಂಡರೆ, ಸಂಸ್ಥೆಯ ಉದ್ದೇಶಕ್ಕಾಗಿ ಮಾಡುವ ವಾರ್ಷಿಕ ವೆಚ್ಚದ ಮೊದಲ 5 ಲಕ್ಷ ಡಾಲರ್‌ನ ಶೇಕಡ 20ರವರೆಗೆ ಶಾಸನ ಸಂಬಂಧಿ ಮನವೊಲಿಕೆಗೆ ಖರ್ಚು ಮಾಡಬಹುದು. ಒಕ್ಕೂಟದ ಅನುದಾನದ ಹಣವನ್ನು ಮಾತ್ರ ಅದಕ್ಕೆ ಬಳಸಬಾರದು.

ಬಿಲ್ಲಿನ ವಿಷಯ ಸಣ್ಣದಾಗಿ ಕಾಣುತ್ತದೆ. ಹಲವು ಒಪ್ಪಂದಗಳಲ್ಲಿ ಮಗು ಬಂದ ದಿನಕ್ಕೆ ಹಣವುಂಟು, ಹೋದ ದಿನಕ್ಕಿಲ್ಲ. ಒಪ್ಪಂದ ಪತ್ರದ ದಿನಾಂಕಕ್ಕೂ ರಾಜ್ಯದ ತಂತ್ರಾಂಶದ ದಿನಾಂಕಕ್ಕೂ ಒಂದು ದಿನ ವ್ಯತ್ಯಾಸವಿದ್ದರೆ ಇಡೀ ತಿಂಗಳ ಬಿಲ್ಲು ವಾಪಸು ಬರುವುದುಂಟು. ವಾರಕ್ಕೊಮ್ಮೆ ಹೊಂದಾಣಿಕೆ ನೋಡಿ. ರಾಜ್ಯ ಹಣ ಕೊಡುವುದು ಸೇವೆಯಾದ ಮೇಲೆ, ಸಾಕು ಕುಟುಂಬ ಹಾಲು ಕೊಳ್ಳುವುದು ಇವತ್ತು; ಈ ನಡುವಿನ ಅಂತರಕ್ಕೆ ಕನಿಷ್ಠ 90 ದಿನದ ನಗದು ಬೇಕು. ಬ್ಯಾಂಕಿನಿಂದ ಅಲ್ಪಾವಧಿ ಸಾಲದ ಮಿತಿಯನ್ನು ಸಂಸ್ಥೆಯ ಲೆಕ್ಕ ಚೆನ್ನಾಗಿರುವಾಗಲೇ ಮಂಜೂರು ಮಾಡಿಸಿಕೊಳ್ಳಿ.

ವಿಮೆಯನ್ನು ಕೊನೆಯ ತಿಂಗಳಿಗೆ ಬಿಡಬೇಡಿ

ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆಗಳ ಅಸ್ತಿತ್ವವನ್ನೇ ಅಲುಗಿಸುತ್ತಿರುವುದು ಹೊಣೆಗಾರಿಕೆ ವಿಮೆ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ದೊಡ್ಡವರಾದ ಮೇಲೆ ಮೊಕದ್ದಮೆ ಹೂಡಲು ಹಲವು ರಾಜ್ಯಗಳು ಕಾಲಮಿತಿಯನ್ನು ವಿಸ್ತರಿಸಿವೆ. ನ್ಯೂಯಾರ್ಕ್ 2019ರಲ್ಲಿ, ಕ್ಯಾಲಿಫೋರ್ನಿಯಾ 2020ರ ಜನವರಿ 1ರಿಂದ. ನೊಂದವರಿಗೆ ಬಾಗಿಲು ತೆರೆದ ಈ ಕಾನೂನುಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅವುಗಳ ವೆಚ್ಚ ಯಾರು ಹೊರಬೇಕೆಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಬಹುಪಾಲು ಫಾಸ್ಟರ್ ಕುಟುಂಬ ಸಂಸ್ಥೆಗಳಿಗೆ ವಿಮೆ ನೀಡುತ್ತಿದ್ದ ಲಾಭರಹಿತ ವಿಮಾ ಸಂಸ್ಥೆ ಅವುಗಳ ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿದಾಗ, ವಿಮೆಯಿಲ್ಲದೆ ಒಪ್ಪಂದವಿಲ್ಲ, ಒಪ್ಪಂದವಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ಇಕ್ಕಟ್ಟಿಗೆ ಅವು ಸಿಲುಕಿದವು.

ನವೀಕರಣದ ಕೆಲಸವನ್ನು ಕನಿಷ್ಠ 120 ದಿನ ಮೊದಲು ಆರಂಭಿಸಿ. ಪಾಲಿಸಿಯು ಘಟನೆ ನಡೆದ ವರ್ಷವನ್ನು ಆಧರಿಸಿದ್ದೋ, ದೂರು ಬಂದ ವರ್ಷವನ್ನು ಆಧರಿಸಿದ್ದೋ ನೋಡಿ. ಎರಡನೆಯ ಬಗೆಯದಾಗಿದ್ದು ಕಂಪನಿ ಬದಲಾಯಿಸುವುದಾದರೆ, ಹಿಂದಿನ ಘಟನೆಗಳಿಗಾಗಿ ವಿಸ್ತರಿತ ರಕ್ಷಣೆಯನ್ನು ಬೇರೆಯಾಗಿ ಕೊಳ್ಳಬೇಕು. ಲೈಂಗಿಕ ದೌರ್ಜನ್ಯದ ದಾವೆಗಳಿಗೆ ಪಾಲಿಸಿಯ ಒಟ್ಟು ಮೊತ್ತಕ್ಕಿಂತ ಕಡಿಮೆಯಾದ ಒಳಮಿತಿ ಇದೆಯೇ ಎಂದು ಹುಡುಕಿ, ಅದು ಬಹುತೇಕ ಒಳಪುಟಗಳಲ್ಲೇ ಇರುತ್ತದೆ. ಕೌಂಟಿಯ ತಪ್ಪಿಗೂ ನೀವೇ ಪರಿಹಾರ ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಅದನ್ನು ತೆಗೆಸಲು ಪ್ರಯತ್ನಿಸಿ. ವಿಮಾ ಕಂಪನಿಗಳು ಮೊದಲು ನೋಡುವುದು ಆ ವಾಕ್ಯವನ್ನೇ. ಇನ್ನೊಂದು ಮಾತು: ನಿಮ್ಮ ಸಂಸ್ಥೆಯ ಹಳೆಯ ಪಾಲಿಸಿಗಳನ್ನು ಎಂದಿಗೂ ಎಸೆಯಬೇಡಿ. 1985ರಲ್ಲಿ ನಡೆದ ಘಟನೆಗೆ ಇಂದು ದಾವೆ ಬಂದರೆ, 1985ರ ಪಾಲಿಸಿಯ ಆ ಹಳದಿಗಟ್ಟಿದ ಹಾಳೆಯೇ ಸಂಸ್ಥೆಯನ್ನು ಉಳಿಸಬಹುದು.

ಎಲ್ಲಿ ಕಡಿಯಬೇಕು, ಎಲ್ಲಿ ಕೈ ಹಾಕಬಾರದು

ಕಡಿತದ ಮೊದಲ ಏಟು ಸಾಮಾನ್ಯವಾಗಿ ಖಾಲಿಯಾದ ಕೇಸ್ ವರ್ಕರ್ ಹುದ್ದೆಯ ಮೇಲೆ ಬೀಳುತ್ತದೆ, ಏಕೆಂದರೆ ಅಲ್ಲಿ ಯಾರನ್ನೂ ಮನೆಗೆ ಕಳುಹಿಸಬೇಕಾಗಿಲ್ಲ. ಆದರೆ ಆ ಮಕ್ಕಳು ಉಳಿದವರ ಪಾಲಿಗೆ ಸೇರುತ್ತಾರೆ, ಉಳಿದವರೂ ಸುಸ್ತಾಗಿ ಹೊರಡುತ್ತಾರೆ. ಒಬ್ಬರಿಗೆ 12ರಿಂದ 15 ಮಕ್ಕಳು ಎಂಬುದು ಮಕ್ಕಳ ಕಲ್ಯಾಣ ಸಂಸ್ಥೆಗಳ ಒಕ್ಕೂಟವಾದ ಚೈಲ್ಡ್ ವೆಲ್ಫೇರ್ ಲೀಗ್ ಆಫ್ ಅಮೆರಿಕ ಶಿಫಾರಸು ಮಾಡಿರುವ ಪ್ರಮಾಣ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಕೌಂಟಿಯಲ್ಲಿ 2003–04ರ ಅವಧಿಯ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಒಬ್ಬರೇ ಕೇಸ್ ವರ್ಕರ್ ಇದ್ದ ಮಕ್ಕಳಲ್ಲಿ ಶೇಕಡ 74.5ರಷ್ಟು ಮಂದಿಗೆ ಶಾಶ್ವತ ನೆಲೆ ಸಿಕ್ಕಿತ್ತು. ಇಬ್ಬರು ಕೇಸ್ ವರ್ಕರ್‌ಗಳನ್ನು ಕಂಡ ಮಕ್ಕಳಲ್ಲಿ ಅದು 17.5ಕ್ಕೆ ಕುಸಿದಿತ್ತು. ದೀರ್ಘ ಕಾಲ ಇರುವ ಮಗುವಿಗೆ ಸಹಜವಾಗಿಯೇ ಹೆಚ್ಚು ಮಂದಿ ಬದಲಾಗುತ್ತಾರಾದ್ದರಿಂದ ಈ ಅಂತರವೆಲ್ಲವೂ ಬದಲಾವಣೆಯ ಫಲವೇ ಎನ್ನುವಂತಿಲ್ಲ. ಆದರೂ ಮೂರನೆಯ ಬಾರಿ ಹೊಸ ಮುಖ ಕಂಡ ಮಗು ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಲು ಒಪ್ಪದೆ ಸುಮ್ಮನೆ ಕೂತದ್ದನ್ನು ಕಂಡವರಿಗೆ ಅಂಕಿಅಂಶದ ಅಗತ್ಯವಿಲ್ಲ.

ಹಾಗಾಗಿ ಕಡಿಯುವುದಾದರೆ ಕಚೇರಿಯ ಜಾಗದಿಂದ ಆರಂಭಿಸಿ. ದಿನದ ಬಹುಪಾಲು ರಸ್ತೆಯಲ್ಲಿರುವವರಿಗೆ ತಲಾ ಒಂದು ಕೋಣೆ ಬೇಕಿಲ್ಲ. ಲೆಕ್ಕಪತ್ರ, ಸಂಬಳ ಪಾವತಿ, ಬೆರಳಚ್ಚು ಪರಿಶೀಲನೆಯ ವ್ಯವಸ್ಥೆ, ಸಾಕು ತಂದೆತಾಯಿಗಳ ತರಬೇತಿ ಇವುಗಳನ್ನು ನೆರೆಯ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಿ. ರಾತ್ರಿಯ ತುರ್ತು ಫೋನನ್ನು ಹಂಚಿಕೊಳ್ಳುವ ಮುನ್ನ ಮಾತ್ರ ಎರಡು ಬಾರಿ ಯೋಚಿಸಿ: ನಡುರಾತ್ರಿ ಮಗು ಬಾಗಿಲು ಹಾಕಿಕೊಂಡು ಅಳುತ್ತಿದೆ ಎಂದು ಸಾಕು ತಾಯಿ ಕರೆ ಮಾಡಿದಾಗ, ಮಗುವಿನ ಹೆಸರನ್ನೇ ಕೇಳಿರದ ಧ್ವನಿ ಉತ್ತರಿಸಿದರೆ ಆ ಮನೆ ನಿಮ್ಮ ಸಂಸ್ಥೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಅನುಭವಿ ಮನೆಯೊಂದನ್ನು ಕಳೆದುಕೊಂಡರೆ, ಹೊಸ ಮನೆಯನ್ನು ಹುಡುಕಿ, ತರಬೇತಿ ಕೊಟ್ಟು, ಪರವಾನಗಿ ಕೊಡಿಸುವ ತಿಂಗಳುಗಳ ದುಡಿಮೆಗೆ ಯಾವ ದರವೂ ಪ್ರತ್ಯೇಕವಾಗಿ ಹಣ ಕೊಡುವುದಿಲ್ಲ.

ಒಪ್ಪಂದವನ್ನು ಬಿಡಬೇಕಾದರೆ

ಲೆಕ್ಕ ಎಷ್ಟು ತಿರುಗಿಸಿದರೂ ಕೂಡಿಬಾರದಿದ್ದರೆ, ಹಣ ಪೂರ್ತಿ ಮುಗಿಯುವ ಮುಂಚೆಯೇ ತೀರ್ಮಾನಿಸಿ. ಕೈಯಲ್ಲಿ ಆರು ತಿಂಗಳ ಹಣವಿರುವಾಗ ಹೇಳಿದರೆ ಮಕ್ಕಳು ಇರುವ ಮನೆಯಲ್ಲೇ ಉಳಿದು, ಆ ಮನೆಯ ಪರವಾನಗಿ ಮಾತ್ರ ಇನ್ನೊಂದು ಸಂಸ್ಥೆಗೆ ವರ್ಗವಾಗಲು ಸಮಯ ಸಿಗುತ್ತದೆ. ಆರು ವಾರದ ಹಣವಿರುವಾಗ ಹೇಳಿದರೆ ಮಕ್ಕಳೇ ಬೇರೆ ಮನೆಗಳಿಗೆ ಹೋಗಬೇಕಾದೀತು. ರಾಜ್ಯದ ಇಲಾಖೆಗೆ ತಿಳಿಸಿದ ದಿನವೇ ಸಾಕು ಕುಟುಂಬಗಳಿಗೂ ನೀವೇ ತಿಳಿಸಿ, ಅವರು ಅದನ್ನು ಬೇರೆಯವರ ಬಾಯಿಂದ ಕೇಳಬಾರದು. ವರ್ಗವಾಗುವ ಪ್ರತಿ ಕಡತದ ಮೊದಲ ಪುಟದಲ್ಲಿ ಆ ಮಗುವಿನ ಔಷಧಿ ಮತ್ತು ಅದರ ಪ್ರಮಾಣ, ಮುಂದಿನ ವೈದ್ಯರ ಭೇಟಿ, ಮುಂದಿನ ನ್ಯಾಯಾಲಯದ ದಿನಾಂಕ, ಒಡಹುಟ್ಟಿದವರು ಎಲ್ಲಿದ್ದಾರೆ ಮತ್ತು ಅವರನ್ನು ಯಾವ ದಿನ ಕಾಣಲು ಹೋಗುವುದು ರೂಢಿ ಎಂಬುದು ಇರಲಿ. ಒಕ್ಕೂಟದ ಹಣದ ಲೆಕ್ಕಪತ್ರಗಳನ್ನು ಅಂತಿಮ ವರದಿಯ ನಂತರ ಮೂರು ವರ್ಷ ಇಟ್ಟರೆ ಸಾಕು, ಆದರೆ ಮಗುವಿನ ಕಡತಕ್ಕೆ ರಾಜ್ಯದ ನಿಯಮ ಬಹಳ ಹೆಚ್ಚಿನ ಅವಧಿಯನ್ನು ಕೇಳಬಹುದು. ಸಂಸ್ಥೆ ಮುಚ್ಚಿದ ಮೇಲೆ ಆ ಕಡತಗಳು ಯಾರ ಬಳಿ ಇರುತ್ತವೆ ಎಂಬುದನ್ನು ಬರಹದಲ್ಲಿ ನಿಗದಿಪಡಿಸಿ, ಅದರ ಪ್ರತಿಯನ್ನು ಇಲಾಖೆಗೂ ಕೊಡಿ. ಇಪ್ಪತ್ತು ವರ್ಷದ ನಂತರ ಒಬ್ಬ ಯುವತಿ ತನ್ನ ಬಾಲ್ಯದ ಒಂದು ಫೋಟೋ ಆ ಕಡತದಲ್ಲಿದೆಯೇ ಎಂದು ಹುಡುಕಿಕೊಂಡು ಬರಬಹುದು, ಅವಳಿಗೆ ಉತ್ತರ ಹೇಳುವ ಒಂದು ವಿಳಾಸ ಇರಬೇಕು.